ರೈಲಿಗಾಗಿ ಕಾಯ್ದ ಊರು

ನಾಗಪುರದಲ್ಲಿರುವ ನಮ್ಮ ಮಕ್ಕಳಿಗೆ ಕಡಲು ಎಂದರೆ ಶಾಲೆಯ ನಕಾಶೆಯ ಅಂಚಿಗೆ ಬಳಿದ ನೀಲಿ ಬಣ್ಣ, ಅಷ್ಟೇ. ಶೂನ್ಯ ಮೈಲಿಯ ಕಂಬದಿಂದ ಯಾವ ದಿಕ್ಕಿಗೆ ಹೊರಟರೂ ಅದು ದೂರವೇ. ಆದುದರಿಂದ ನಮ್ಮ ಕಿರಿಯ ಚಿರಂಜೀವಿ ಫುಟಾಳಾ ಕೆರೆಯ ದಂಡೆಯ ಮೇಲೆ ನಿಂತು, "ಅಪ್ಪಾ, ಸಮುದ್ರ ಇದಕ್ಕಿಂತ ದೊಡ್ಡದೇನು?" ಎಂದು ಕೇಳಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಮನೆಯಾಕೆ ನಮ್ಮ ಮುಖವನ್ನೊಮ್ಮೆ ನೋಡಿದಳು. ಸರಕಾರ ದಯಪಾಲಿಸುವ ಪ್ರವಾಸದ ರಿಯಾಯಿತಿ ಆ ಸಲದ್ದು ಇನ್ನೂ ಹಾಗೆಯೇ ಉಳಿದಿತ್ತು. ದೀಪಾವಳಿಯ ರಜೆಯಲ್ಲಿ ಕಾರವಾರಕ್ಕೆ ಹೋಗುವುದೆಂದು ಠರಾವಾಯಿತು.

ಸುದ್ದಿ ತಿಳಿದು ನಮ್ಮ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ಅವರು ಕಾರವಾರದ ತೆಂಕಣ ಅರ್ಗಾದ ಕಡೆಯವರು; ನೌಕರಿಗೆಂದು ಇಲ್ಲಿಗೆ ಬಂದು ಇಲ್ಲಿಯವರೇ ಆದವರು. "ತಮಾ, ಅಂಕೋಲೆಯ ಬಸ್ಸು ಹತ್ತಿ ನಮ್ಮೂರಿನ ಮುಂದೆ ಒಮ್ಮೆ ಹಾದು ಬಾ. ನಮ್ಮ ಹಿತ್ತಲ ಕಡಲು ಹೇಗಿದೆ ಹೇಳು" ಎಂದರು. ಆಗಲಿ ಕಾಕಾ ಎಂದೆವು.

ಗೋವೆಯನ್ನು ಬಿಟ್ಟು ಕಾರವಾರವೇಕೆ ಎಂದು ಕಚೇರಿಯಲ್ಲಿ ನಗೆಯಾಡಿದವರುಂಟು. ಅವರಿಗೆ ನಾವು ಕೊಟ್ಟ ಉತ್ತರವಿಷ್ಟೇ: ಅದು ನಮ್ಮಂಥ ಕಾರಕೂನರ ಊರು, ಅದು ಹುಟ್ಟಿದ್ದೇ ಒಂದು ವರ್ಗಾವಣೆಯ ಹುಕುಮಿನಿಂದ.

ಹಳೆಯ ಕಾರವಾರವೆಂದರೆ ಕಾಳಿ ನದಿಯ ಒಳದಂಡೆಯ ಕಡವಾಡ. 1638ರಲ್ಲಿ ಇಂಗ್ಲಿಷರು ಕೋಠಿ ತೆರೆದ ಕಾಲದ ಕಾರವಾರದ ಹೆಸರು ಈ ಕಡವಾಡದಿಂದಲೇ ಬಂದದ್ದೆನ್ನುತ್ತಾರೆ. ಈಗಿನ ಪಟ್ಟಣವಿರುವ ಮರಳ ದಂಡೆಯ ಮೇಲೆ ಆಗ ಇದ್ದದ್ದು ಮೀನುಗಾರರ ಗುಡಿಸಲುಗಳು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಹತ್ತಿ ಧಾರವಾಡದ ಎರೆಭೂಮಿಯಲ್ಲಿತ್ತು. ಅದಕ್ಕೆ ಸಮೀಪದ ಒಳ್ಳೆಯ ಬಂದರು ಕಾಳಿಯ ಬಾಯಲ್ಲಿತ್ತು. ತೊಡಕೇನೆಂದರೆ ಧಾರವಾಡ ಮುಂಬಯಿ ಇಲಾಖೆಗೆ ಸೇರಿದ್ದು, ಕರಾವಳಿ ಮದರಾಸಿಗೆ. ಎರಡು ಕಚೇರಿಗಳ ನಡುವೆ ಸಿಕ್ಕ ಫೈಲಿನ ಗತಿ ಏನೆಂಬುದನ್ನು ನಮ್ಮ ಓದುಗರಿಗೆ ನಾವು ಬಿಡಿಸಿ ಹೇಳಬೇಕೇ? 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸಿನಿಂದ ಕಿತ್ತು ಮುಂಬಯಿಗೆ ಅಂಟಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಸ್ಥಳವಾಯಿತು.

ಅವಸರ ಎಷ್ಟಿತ್ತೆಂದರೆ ಮ್ಯಾಂಚೆಸ್ಟರಿನವರ ಹತ್ತಿ ಕಂಪನಿ ನದಿಯಾಚೆಯ ಸದಾಶಿವಗಡಕ್ಕೆ ಹಡಗಿನಲ್ಲಿ ಯಂತ್ರಗಳನ್ನೂ ಕಳಿಸಿಬಿಟ್ಟಿತು. ಧಾರವಾಡದಿಂದ ಘಟ್ಟ ಇಳಿದು ಬರಬೇಕಾದ ರಸ್ತೆಯೇ ಆಗ ಪೂರ್ತಿಯಾಗಿರಲಿಲ್ಲ! 1864ರಲ್ಲಿ ಕಡಲ ನಡುವಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಕಲೆಕ್ಟರ ಕಚೇರಿ, ನ್ಯಾಯಾಲಯ, ಸುಂಕದ ಕಟ್ಟೆ ಬಂದವು. ಅವುಗಳ ಬೆನ್ನಿಗೆ ಕಾರಕೂನರು, ವಕೀಲರು, ಮಾಸ್ತರರು, ಅವರನ್ನು ನೆಚ್ಚಿ ಅಂಗಡಿಕಾರರು ಬಂದರು. ಪರಸ್ಥಳದಿಂದ ಬಂದು ಸಂಸಾರ ಹೂಡಿದವರೇ ಅಲ್ಲಿಯ ಮೊದಲ ಪಟ್ಟಣಿಗರು. ಈ ಮಾತು ನಮಗೆ ಸಮಾಧಾನ ಕೊಡುತ್ತದೆ.

ಆಮೇಲೆ ಬರಬೇಕಾದದ್ದು ರೈಲು. 1865ರಲ್ಲಿ ಅಮೇರಿಕೆಯ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಇಳಿಯಿತು. ಹುಬ್ಬಳ್ಳಿ-ಕಾರವಾರ ರೈಲಿನ ಯೋಜನೆ ಮೇಜಿನ ಮೇಲೆ ಬಂದು ಹೋಗಿ, ಬಂದು ಹೋಗಿ, ಕೊನೆಗೆ 1880ರ ದಶಕದಲ್ಲಿ ಹಳಿಗಳು ಗೋವೆಯ ಮುರಗಾಂವ ಬಂದರಿನತ್ತ ಹೊರಳಿದವು. ವ್ಯಾಪಾರವೂ ಅತ್ತಲೇ ಹೊರಳಿತು. ಅದೇ ಹತ್ತಿಯ ಕಾಲದಲ್ಲಿ ನಮ್ಮ ನಾಗಪುರದ ಹಣೆಯಬರಹ ಬೇರೆಯಾಗಿತ್ತು. ಇಲ್ಲಿಗೆ 1867ರಲ್ಲಿ ರೈಲು ಬಂದಿತು. 1877ರಲ್ಲಿ ಎಂಪ್ರೆಸ್ ಗಿರಣಿ ಹೊಗೆಯಾಡಿತು. ಇಲ್ಲಿ ಗಿರಣಿ, ಜನ, ಧೂಳು. ಅಲ್ಲಿ ಸರಕಿಲ್ಲದ ಬಂದರು ಮತ್ತು ಯಾರೂ ತುಳಿಯದ ಮರಳು.

ಆ ಮರಳೇ ಊರಿಗೆ ಹೆಸರು ತಂದಿತು. ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ, ಇಪ್ಪತ್ತೆರಡರ ಹರೆಯದ ರವೀಂದ್ರನಾಥರು, ಅಣ್ಣನ ಸಂಸಾರದೊಡನೆ ಬಂದು ಇಳಿದುಕೊಂಡರು. ಅರ್ಧಚಂದ್ರದಂತೆ ಬಾಗಿದ ದಂಡೆ, ಅದರ ಅಂಚಿನ ಗಾಳಿಮರಗಳು, ಬೆಳದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯ ಪಯಣ, ಇವನ್ನೆಲ್ಲ ಅವರು ತಮ್ಮ ಜೀವನಸ್ಮೃತಿಯಲ್ಲಿ ಮರೆಯದೆ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದು ಅಲ್ಲಿಯೇ. ಇಂದು ಆ ದಂಡೆಗೆ ಅವರದೇ ಹೆಸರು. ಆ ಊರಿನ ಅತ್ಯಂತ ಪ್ರಸಿದ್ಧ ಪ್ರವಾಸಿ ಒಬ್ಬ ಸರಕಾರಿ ನೌಕರನ ಮನೆಯ ಅತಿಥಿಯಾಗಿದ್ದನೆಂಬುದನ್ನು ನಾವು ಕಚೇರಿಯಲ್ಲಿ ಆಗಾಗ ಎತ್ತಿ ಹೇಳುವುದುಂಟು.

ಇನ್ನೊಂದು ವಿಚಿತ್ರ. 1956ರ ನವೆಂಬರ 1ರಂದು ಕಾರವಾರ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಅದೇ ದಿನ ನಾಗಪುರ ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯದೊಳಗೆ ಕಾಲಿಟ್ಟಿತು. ಒಂದೇ ಬಾಗಿಲಲ್ಲಿ ಒಬ್ಬ ಹೊರಗೆ, ಒಬ್ಬ ಒಳಗೆ!

ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಊರು ಕಾಯ್ದದ್ದು ನೂರಮೂವತ್ತು ವರುಷಕ್ಕೂ ಮಿಕ್ಕಿ. ಬಂದ ರೈಲು ಮಾತ್ರ ಕರೆದವರ ದಾರಿಯಿಂದ ಬರಲಿಲ್ಲ, ಕಡಲಗುಂಟ ಬಂದಿತು. ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಅಂಕೋಲೆಯ ಮಾರ್ಗ ಇನ್ನೂ ಮುಗಿದಿಲ್ಲ. ನಾವು ಮುಂಬಯಿಗೆ ಹೋಗಿ, ಅಲ್ಲಿಂದ ಈ ರೈಲು ಹಿಡಿದು, ಊರಿನಿಂದ ದೂರವಿರುವ ಶಿರವಾಡದ ನಿಲ್ದಾಣದಲ್ಲಿ ಹಾಸಿಗೆ, ಡಬ್ಬಿ, ಮಕ್ಕಳ ಸಮೇತ ಇಳಿದೆವು.

ಚಿರಂಜೀವಿ ಕಡಲನ್ನು ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಚಪ್ಪಲಿ ಬಿಚ್ಚಿ ತಾಯಿಯ ಕೈಗೆ ಕೊಟ್ಟು ಓಡಿದ. ಅವನನ್ನು ನೀರಿನಿಂದ ಎಳೆದು ತರುವುದರಲ್ಲಿಯೇ ನಮ್ಮ ಮೂರು ಸಂಜೆಗಳು ಕಳೆದವು. ದಂಡೆಯ ಮೇಲೆ 'ಚಪಲ' ಎಂಬ ಹಳೆಯ ಯುದ್ಧನೌಕೆಯೊಂದನ್ನು 2006ರಿಂದ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಅದರೊಳಗೂ ಹೋಗಿ ಬಂದ. ಆದರೆ ಮರಳೇ ಅವನಿಗೆ ಹಿತವಾಯಿತು.

ನಾಲ್ಕನೆಯ ದಿನ ಅಂಕೋಲೆಯ ಬಸ್ಸು ಹತ್ತಿದೆವು. ಬಿಣಗಾದಲ್ಲಿ ಒಂದು ಕಾಸ್ಟಿಕ್ ಸೋಡಾ ಕಾರ್ಖಾನೆಯುಂಟು. 1970ರ ದಶಕದಲ್ಲಿ ಅದನ್ನು ಹೂಡಿದವರು ನಮ್ಮ ಪಕ್ಕದ ಬಲ್ಲಾರಪುರದ ಕಾಗದದ ಕಂಪನಿಯವರೇ. ಅದನ್ನು ದಾಟಿದ ಮೇಲೆ ನೌಕಾನೆಲೆಯ ಗೋಡೆ. 1986ರ ಅಕ್ಟೋಬರದಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅದಕ್ಕೆ ಅಡಿಗಲ್ಲಿಟ್ಟರು. 2005ರ ಮೇ ತಿಂಗಳಲ್ಲಿ ನೆಲೆಗೆ 'ಕದಂಬ' ಎಂದು ನಾಮಕರಣವಾಯಿತು. ಅದಕ್ಕಾಗಿ 4000ಕ್ಕೂ ಹೆಚ್ಚು ಕುಟುಂಬಗಳು ಮನೆ, ತೋಟ, ದೋಣಿ ಕಟ್ಟುವ ದಂಡೆ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ನಡೆಯಿತು. ದೇಶಕ್ಕೆ ನೌಕಾನೆಲೆ ಬೇಕು, ಇಲ್ಲವೆನ್ನುವವರು ನಾವಲ್ಲ. ಆದರೆ ಒಂದು ಹುಕುಮಿನಿಂದ ನೆಲೆಯಾದ ಊರಿನ ಮಗ್ಗುಲಲ್ಲೇ ಇನ್ನೊಂದು ಹುಕುಮಿನಿಂದ ಇಷ್ಟು ಊರುಗಳು ಎದ್ದುಹೋದದ್ದನ್ನು, ಹುಕುಮುಗಳನ್ನು ನಕಲು ಮಾಡಿಯೇ ಹೊಟ್ಟೆ ಹೊರೆಯುವ ನಾವು ಕಿಟಕಿಯ ಬಳಿ ಸುಮ್ಮನೆ ಕುಳಿತು ನೋಡಿದೆವು. ಗೋಡೆ ಮುಗಿಯಲು ಬಹಳ ಹೊತ್ತಾಯಿತು.

ಮರಳಿ ಬಂದ ಮರುದಿನ ಹಿರಿಯರ ಮನೆಗೆ ಹೋದೆವು. ರವೀಂದ್ರರ ದಂಡೆ, ಗಾಳಿಮರ, ಹುಡುಗನ ಕುಣಿದಾಟ ಎಂದು ಸುತ್ತು ಬಳಸಿ ಹೇಳತೊಡಗಿದೆವು. ಅವರು ಕೈಯೆತ್ತಿ ತಡೆದರು.

"ಅರ್ಗಾ?"

"ಗೋಡೆ ಕಂಡಿತು ಕಾಕಾ."

"ಅದು ನನಗೆ ಗೊತ್ತು ತಮಾ. ಗೋಡೆಯ ಆಚೆ ಕಡಲ ಸಪ್ಪಳ ಕೇಳಿತೋ?"

ಬಸ್ಸಿನ ಸದ್ದಿನಲ್ಲಿ ಏನೂ ಕೇಳಲಿಲ್ಲವೆಂದು ನಿಜವನ್ನೇ ಹೇಳಿದೆವು. ಅವರು ತುಸು ಹೊತ್ತು ಯೋಚಿಸಿ, ಒಳಗೆ ಚಹಾ ಮಾಡಲು ಹೇಳಿ, "ಇನ್ನೊಮ್ಮೆ ಹೋದಾಗ ಬಸ್ಸಿನಿಂದ ಇಳಿ. ರಾತ್ರಿಯ ಹೊತ್ತು ಹೋಗು, ಆಗ ಚೆನ್ನಾಗಿ ಕೇಳುತ್ತದೆ" ಎಂದರು.