ಅರ್ಧಕ್ಕೆ ಬಿಟ್ಟವರು ಯಾರು?

ಮಕ್ಕಳ ಕ್ಯಾನ್ಸರ್ ವಿಭಾಗಗಳ ಕಡತಗಳಲ್ಲಿ ಒಂದು ಷರಾ ಬರುತ್ತದೆ: ಪೋಷಕರು ಚಿಕಿತ್ಸೆ ತ್ಯಜಿಸಿದರು. ನಡೆಯುತ್ತಿರುವ ಚಿಕಿತ್ಸೆಗೆ ಮಗು ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬರದಿದ್ದರೆ ಹಾಗೆಂದು ಗುರುತಿಸುವುದು ಅಂತರರಾಷ್ಟ್ರೀಯ ರೂಢಿ. ಲೆಕ್ಕ ಇಡಲೇಬೇಕು, ಅದರಲ್ಲಿ ತಪ್ಪಿಲ್ಲ. ತಕರಾರು ಇರುವುದು ಆ ವಾಕ್ಯದ ಕರ್ತೃಪದದ ಬಗ್ಗೆ. ಪೋಷಕರು ಬಿಟ್ಟರು ಎಂದು ಬರೆದ ಕೂಡಲೇ ಉಳಿದವರೆಲ್ಲ ಪಾರಾಗುತ್ತಾರೆ. ‘ಹಳ್ಳಿಯವರು, ತಿಳಿವಳಿಕೆ ಸಾಲದು, ದೇವರು ದಿಂಡರು ಅಂತ ಹೋಗಿರಬೇಕು’ ಎಂದು ಊಟದ ಮೇಜಿನ ಸುತ್ತ ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುವುದು ನಗರದಲ್ಲಿ ನೆಲೆಯಾದವರಿಗೆ ಸುಲಭ. ಬೀದರಿನಿಂದಲೋ ವಿಜಯಪುರದಿಂದಲೋ ಮಗುವನ್ನು ಹೊತ್ತು ಮುಂಬೈಯ ಪರೇಲ್‌ವರೆಗೆ ಬಂದ ತಂದೆ ತಾಯಿಗೆ ತಿಳಿವಳಿಕೆ ಇಲ್ಲ ಎನ್ನುವುದಾದರೆ, ಅವರು ಬಂದದ್ದಾದರೂ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ಶೇ. 30 ಕೂಡ ಇಲ್ಲ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ ಶೇ. 60ಕ್ಕೆ ಏರಿಸಬೇಕೆಂದು ಆ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಈ ಅಂತರಕ್ಕೆ ಹೊಸ ದುಬಾರಿ ಔಷಧಿಗಳ ಅಭಾವವೇ ಕಾರಣ ಎಂದುಕೊಂಡರೆ ಅದು ಅರ್ಧಸತ್ಯ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಇಂದಿಗೂ ಬೆನ್ನೆಲುಬಾಗಿರುವುದು ಹಳೆಯ ಮದ್ದುಗಳು. ವಿನ್‌ಕ್ರಿಸ್ಟಿನ್ ಬಂದದ್ದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಜಾತಿಯ ಗಿಡದಿಂದ. ಮೆಥೊಟ್ರೆಕ್ಸೇಟ್ ಸೇರಿರುವ ಔಷಧಿ ಕುಲದ ಹಿಂದೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದ ದುಡಿಮೆ ಇದೆ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ಮೇಲೆ ಅದರ ಪರಿಣಾಮವನ್ನು ತೋರಿಸಿದರು. ಮುಕ್ಕಾಲು ಶತಮಾನ ಕಳೆದಿದೆ. ಮದ್ದು ಇದೆ, ವೈದ್ಯರಿದ್ದಾರೆ. ಹಾಗಿದ್ದರೂ ಮಗು ಮಧ್ಯದಲ್ಲೇ ಕಾಣೆಯಾಗುವುದೇಕೆ ಎಂಬುದಕ್ಕೆ ಉತ್ತರ ಬೇಕಾದರೆ, ಈ ಒಂದು ಕಾಯಿಲೆಯ ದಾರಿಯನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ಮೊದಲ ವಾರ ಬರೀ ಪರೀಕ್ಷೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ, ಬೆನ್ನುಹುರಿಯ ನೀರು ತೆಗೆಯುತ್ತಾರೆ, ದಿನಕ್ಕೊಂದು ರಕ್ತ ಪರೀಕ್ಷೆ. ಊರಿನ ವೈದ್ಯರು ‘ಕೂಡಲೇ ಹೋಗಿ’ ಎಂದು ಓಡಿಸಿರುತ್ತಾರೆ. ಇಲ್ಲಿಗೆ ಬಂದರೆ ವರದಿ ಬರಲಿ, ಕಾಯಿರಿ ಎನ್ನುತ್ತಾರೆ. ಕ್ಯಾನ್ಸರಿನ ಉಪಜಾತಿ ತಿಳಿಯದೆ ಮದ್ದು ಆರಿಸಲಾಗದು ಎಂಬ ಕಾರಣವನ್ನು ಯಾರಾದರೂ ಬಿಡಿಸಿ ಹೇಳಿದರೆ ಕಾಯುವುದು ಸಹ್ಯವಾಗುತ್ತದೆ. ಹೇಳದಿದ್ದರೆ ‘ದುಡ್ಡಿಲ್ಲದವರನ್ನು ಯಾರೂ ಕೇಳುವುದಿಲ್ಲ’ ಎಂಬ ತೀರ್ಮಾನಕ್ಕೆ ಕುಟುಂಬ ಬಂದುಬಿಡುತ್ತದೆ.

ನಂತರ ಇಂಡಕ್ಷನ್ ಎನ್ನುವ ಮೊದಲ ಹಂತ, ನಾಲ್ಕೈದು ವಾರ. ಸ್ಟೀರಾಯ್ಡ್ ಮಾತ್ರೆಯಿಂದ ಮಗುವಿಗೆ ಭೂತ ಹಸಿವು. ರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತದೆ, ಮುಖ ಚಂದ್ರನಂತೆ ಉಬ್ಬುತ್ತದೆ, ಸುಮ್ಮಸುಮ್ಮನೆ ಅಳುತ್ತದೆ, ತಾಯಿಗೇ ಹೊಡೆಯುತ್ತದೆ. ಇದು ಮದ್ದಿನ ಗುಣ, ಮಗುವಿನ ಹಟವಲ್ಲ ಎಂದು ಮೊದಲೇ ಗೊತ್ತಿರಬೇಕು. ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆ, ದವಡೆ ನೋವು, ಕೆಲವರಿಗೆ ಪಾದ ಎತ್ತಲಾಗದೆ ಎಡವುವ ನಡಿಗೆ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಬಿಳಿ ರಕ್ತಕಣ ನೆಲಕಚ್ಚಿದ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅದು ಗಡಿಯಾರದ ವಿರುದ್ಧದ ಓಟ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು. ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡೋಣ ಎಂದರೆ ಆ ಬೆಳಗು ಬಾರದೆ ಹೋಗಬಹುದು.

ಈ ಕಾರಣಕ್ಕೇ ಆಸ್ಪತ್ರೆಯವರು ‘ಹತ್ತಿರದಲ್ಲೇ ಇರಿ’ ಎನ್ನುತ್ತಾರೆ. ಹತ್ತಿರ ಎಂದರೆ ಎಲ್ಲಿ? ಪರೇಲ್‌ನಲ್ಲಿ ಬಾಡಿಗೆ ಕೋಣೆ ಹಿಡಿಯುವುದು ಆ ಬಡಾವಣೆಯ ಆಸುಪಾಸಿನಲ್ಲಿ ಕೆಲಸ ಮಾಡುವ ಸಂಬಳದಾರರಿಗೇ ಆಗದ ಮಾತು. 1941ರಿಂದ ದೇಶದ ಮೂಲೆಮೂಲೆಯವರನ್ನು ನೋಡುತ್ತ ಬಂದ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೊರಗಿನ ಜೆರ್ಬಾಯಿ ವಾಡಿಯಾ ರಸ್ತೆಯ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಲಗುವ ಕುಟುಂಬಗಳನ್ನು ಮುಂಬೈ ದಶಕಗಳಿಂದ ನೋಡಿದೆ. ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು ಬರೆದ ಚೀಟಿ ಆ ಹಾಳೆಯ ಮೇಲೆಯೇ ಕುಳಿತವರ ಕೈಯಲ್ಲಿರುತ್ತದೆ. ಕುದಿಸಿ ಆರಿಸಿದ ನೀರು, ಆಗತಾನೇ ಮಾಡಿದ ಬಿಸಿ ಊಟ, ಸ್ವಚ್ಛ ಶೌಚಾಲಯ: ಇವು ಮಾತ್ರೆಯಷ್ಟೇ ಚಿಕಿತ್ಸೆಯ ಭಾಗ. ಆದರೆ ಮಾತ್ರೆಗೆ ಬಿಲ್ ಇದೆ, ಬಿಲ್ಲಿಗೆ ಯೋಜನೆ ಇದೆ. ಒಲೆಗೆ ಯಾವ ಯೋಜನೆಯೂ ಇಲ್ಲ.

ಹಾಗಾಗಿ ‘ಚಿಕಿತ್ಸೆ ಈಗೆಲ್ಲ ಉಚಿತ’ ಎನ್ನುವ ಮಾತನ್ನು ಸ್ವಲ್ಪ ನಿಲ್ಲಿಸಬೇಕು. ಆಯುಷ್ಮಾನ್ ಭಾರತದ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷೆ ಸಣ್ಣದೇನಲ್ಲ, ಅದರಿಂದ ಬದುಕಿದ ಮಕ್ಕಳಿದ್ದಾರೆ. ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ-ಟಿಯರ್ ಎಸಿ ದರ್ಜೆಗಳಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ಬೇಕು. (ಇದು ಗೊತ್ತಿಲ್ಲದೆ ಸಾಲ ಮಾಡಿ ಟಿಕೆಟ್ ಕೊಳ್ಳುವವರು ಎಷ್ಟೋ.) ಆದರೆ ತಂದೆಯ ಕೂಲಿ ನಿಂತದ್ದನ್ನು, ಮಾರಿದ ಎತ್ತನ್ನು, ಅಜ್ಜಿಯ ಬಳಿ ಬಿಟ್ಟು ಬಂದ ಇನ್ನೆರಡು ಮಕ್ಕಳ ಶಾಲೆ ತಪ್ಪಿದ್ದನ್ನು ಯಾವ ಕಾರ್ಡು ತುಂಬಿಕೊಡುತ್ತದೆ?

ಈಗ ಆ ನಾಲ್ಕೈದು ವಾರ ಮುಗಿಯುವ ಹೊತ್ತಿಗೆ ಬನ್ನಿ. ಮತ್ತೆ ಮಜ್ಜೆ ಪರೀಕ್ಷೆ ಮಾಡುತ್ತಾರೆ. ಬಹುಪಾಲು ಮಕ್ಕಳಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾನ್ಸರ್ ಕಣ ಕಾಣುವುದಿಲ್ಲ. ವೈದ್ಯರು ‘ರೆಮಿಷನ್’ ಎನ್ನುತ್ತಾರೆ. ಮಗು ಆಡುತ್ತದೆ, ಉಣ್ಣುತ್ತದೆ. ಕೈಯಲ್ಲಿದ್ದ ದುಡ್ಡು ಮುಗಿದಿದೆ, ಊರಿನಲ್ಲಿ ಬಿತ್ತನೆಯ ಕಾಲ. ರೆಮಿಷನ್ ಎಂದರೆ ಗುಣವಾಗುವುದಲ್ಲ, ಅಡಗಿರುವ ಕಣಗಳಿಗಾಗಿ ಇನ್ನೂ ಎರಡು ವರ್ಷದ ಮೇಲೆ ಮದ್ದು ನಡೆಯಬೇಕು, ಈಗ ನಿಲ್ಲಿಸಿದರೆ ಬಹುತೇಕ ಖಚಿತವಾಗಿ ಕಾಯಿಲೆ ಮರಳುತ್ತದೆ, ಮರಳಿದ್ದನ್ನು ಗೆಲ್ಲುವುದು ಮೊದಲಿಗಿಂತ ಬಹಳ ಕಷ್ಟ: ಈ ನಾಲ್ಕು ಮಾತು ಅರ್ಥವಾಗುವ ಭಾಷೆಯಲ್ಲಿ, ಒಂದಲ್ಲ ಮೂರು ಸಲ, ತಾಯಿಗೂ ತಂದೆಗೂ ಕೂರಿಸಿಕೊಂಡು ಹೇಳಬೇಕಾದ ಘಳಿಗೆ ಇದು. ಹೊರರೋಗಿ ವಿಭಾಗದಲ್ಲಿ ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ, ಅದೂ ಹಿಂದಿಯಲ್ಲಿ. ಆಗ ಕುಟುಂಬ ರೈಲು ಹತ್ತುತ್ತದೆ. ನಾಲ್ಕು ವಾರವಾದ ಮೇಲೆ ಕಡತದಲ್ಲಿ ಷರಾ ಬೀಳುತ್ತದೆ.

‘ಎಲ್ಲರಿಗೂ ಹಿಂದಿ ಬರುತ್ತೆ, ಬಿಡಿ’ ಎನ್ನುವವರಿದ್ದಾರೆ. ತರಕಾರಿ ಕೊಳ್ಳುವಷ್ಟು ಬರುತ್ತದೆ, ಒಪ್ಪೋಣ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಷ್ಟು ಬರುತ್ತದೆಯೇ? ಟಿವಿ ನೋಡಿ ಹಿಂದಿ ಕಲಿತ ಹನ್ನೆರಡರ ಹುಡುಗನೇ ವೈದ್ಯರ ಮಾತನ್ನು ತಾಯಿಗೆ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹಾಸಿಗೆಯ ಮೇಲಿರುವವನೂ ಅವನೇ. ತನ್ನ ಕಾಯಿಲೆಗೆ ತಾನೇ ದುಭಾಷಿಯಾದ ಮಗು ತಾಯಿ ಅಳಬಾರದೆಂದು ಏನನ್ನು ಬಿಟ್ಟು ಹೇಳುತ್ತದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಯ ಹಂತವಾದ ಮೇಂಟೆನನ್ಸ್‌ನಲ್ಲಿ ಭಾಷೆಯ ಪ್ರಶ್ನೆ ಜೀವದ ಪ್ರಶ್ನೆಯೇ. ಮಗು ಮನೆಯಲ್ಲಿರುತ್ತದೆ, ಮಾತ್ರೆ ತಾಯಿಯ ಕೈಯಲ್ಲಿ. ಮರ್ಕ್ಯಾಪ್ಟೊಪ್ಯೂರಿನ್ ದಿನಾಲೂ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಎರಡೂ ಹಳದಿ ಛಾಯೆಯ ಸಣ್ಣ ಮಾತ್ರೆಗಳು. ವಾರದ ಮಾತ್ರೆಯನ್ನು ದಿನಾ ಕೊಟ್ಟರೆ ಅದು ವಿಷ. ಇದನ್ನು ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲಿ ಬರೆದುಕೊಟ್ಟು ಒಂದೂವರೆ ವರ್ಷ ತಪ್ಪದೆ ಪಾಲಿಸಿ ಎನ್ನುವ ವ್ಯವಸ್ಥೆ, ಒಂದು ಡೋಸ್ ತಪ್ಪಿದರೆ ತಾಯಿಯನ್ನು ಗದರಿಸುತ್ತದೆ.

ಹಾಗೆಂದು ಎಲ್ಲ ತಪ್ಪೂ ಕುಟುಂಬದ ಹೊರಗಿದೆ ಎಂದರೆ ಸುಳ್ಳಾದೀತು. ನಮ್ಮ ದೇಶದ ಆಸ್ಪತ್ರೆಗಳಿಗೆ ಕ್ಯಾನ್ಸರಿಗೆಂದು ಬರುವ ಹುಡುಗಿಯರ ಸಂಖ್ಯೆ ಹುಡುಗರಿಗಿಂತ ಸಾಕಷ್ಟು ಕಡಿಮೆ, ಮತ್ತು ಈ ಅಂತರ ಜೀವಶಾಸ್ತ್ರ ವಿವರಿಸಬಲ್ಲದ್ದಕ್ಕಿಂತ ದೊಡ್ಡದು. ಅಂದರೆ ಕೆಲವು ಹೆಣ್ಣುಮಕ್ಕಳನ್ನು ರೈಲಿಗೇ ಹತ್ತಿಸಲಿಲ್ಲ. ಇದಕ್ಕೆ ಧರ್ಮಶಾಲೆ ಉತ್ತರವಲ್ಲ. ‘ಗಂಡುಮಗುವಾಗಿದ್ದರೆ ಹೊಲ ಮಾರುತ್ತಿದ್ದಿರಾ?’ ಎಂದು ಅಜ್ಜನನ್ನೂ ಚಿಕ್ಕಪ್ಪನನ್ನೂ ಕೇಳಬೇಕಾದವರು ಊರಿನವರೇ.

ಆದರೆ ಹತ್ತಿ ಬಂದವರನ್ನು ಉಳಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಪುರಾವೆ ಕಣ್ಣ ಮುಂದೆಯೇ ಇದೆ. ಟಾಟಾ ಆಸ್ಪತ್ರೆಯ ಮಕ್ಕಳ ವಿಭಾಗ ಹಣ, ವಸತಿ, ಊಟ, ಆಪ್ತಸಲಹೆ, ಬಾರದವರಿಗೆ ಫೋನ್ ಮಾಡಿ ಹುಡುಕುವುದು, ಇವನ್ನೆಲ್ಲ ಚಿಕಿತ್ಸೆಯ ಭಾಗವೆಂದೇ ಹಿಡಿದ ಮೇಲೆ ಅರ್ಧಕ್ಕೆ ಬಿಡುವವರ ಪ್ರಮಾಣ ಗಣನೀಯವಾಗಿ ಇಳಿಯಿತು. ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆ ಎಷ್ಟೋ ಕಾಲದಿಂದ ಕ್ಯಾನ್ಸರ್ ರೋಗಿಗಳಿಗೆ ನೆರಳು ಕೊಟ್ಟಿದೆ. 2006ರಲ್ಲಿ ಮುಂಬೈಯಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ಈಗ ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲೂ ಇವೆ. ಅಲ್ಲಿ ಚಿಕಿತ್ಸೆಗೆ ಬಂದ ಕುಟುಂಬಕ್ಕೆ ಬಾಡಿಗೆಯಿಲ್ಲದ ತಂಗುದಾಣ, ಸಾಮೂಹಿಕ ಅಡುಗೆಮನೆ. ಅದೇ ಜನ, ಅದೇ ‘ತಿಳಿವಳಿಕೆ’. ಬದಲಾದದ್ದು ಸೂರು ಮತ್ತು ಮಾತು.

ಕರ್ನಾಟಕ ಸರಕಾರಕ್ಕೆ ಕೇಳಬೇಕಾದ ಪ್ರಶ್ನೆ ನೇರವಾಗಿದೆ. ಮೇಂಟೆನನ್ಸ್‌ನಲ್ಲಿರುವ ಮಗುವಿನ ರಕ್ತಕಣ ಎಣಿಸಲು ವಿಜಯಪುರದಿಂದ ಮುಂಬೈಗೋ ಬೆಂಗಳೂರಿಗೋ ಏಕೆ ಹೋಗಬೇಕು? ಎಣಿಸುವ ಯಂತ್ರ ಜಿಲ್ಲಾಸ್ಪತ್ರೆಯಲ್ಲಿದೆ. ಫಲಿತಾಂಶವನ್ನು ದೊಡ್ಡಾಸ್ಪತ್ರೆಯ ವೈದ್ಯರಿಗೆ ಕಳಿಸಿ ಮಾತ್ರೆಯ ಪ್ರಮಾಣ ತಿಳಿದುಕೊಳ್ಳಲು ಒಂದು ಫೋನು ಸಾಕು. ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡುವ ತರಬೇತಿ ಪಡೆದ ಒಬ್ಬ ಮಕ್ಕಳ ವೈದ್ಯರು ಪ್ರತಿ ಜಿಲ್ಲೆಯಲ್ಲಿ ಇರಬೇಕು, ಅವರ ನಂಬರು ತಾಯಿಯ ಬಳಿ ಇರಬೇಕು. ಕಿದ್ವಾಯಿ ಸಂಸ್ಥೆಗೆ ಅರ್ಧ ಶತಮಾನ ದಾಟಿತು. ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಈ ಜಾಲಕ್ಕೆ ಖರ್ಚು ಕಡಿಮೆ. ರಿಬ್ಬನ್ ಕತ್ತರಿಸಲು ಮಾತ್ರ ಇದರಲ್ಲಿ ಏನೂ ಇರುವುದಿಲ್ಲ, ತೊಂದರೆ ಬಹುಶಃ ಅದೇ.

ಇನ್ನು ಹೊರನಾಡ ಕನ್ನಡ ಸಂಘಗಳು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲ ಕಡೆ ಸಭಾಂಗಣಗಳಿವೆ, ಕೆಲವಕ್ಕೆ ಅತಿಥಿ ಕೋಣೆಗಳೂ ಇವೆ. ನವೆಂಬರಿನಲ್ಲಿ ಕನ್ನಡ ಉಳಿಸುವ ಬಗ್ಗೆ ಭಾಷಣವಾಗುತ್ತದೆ, ಬೆಂಗಳೂರಿನಿಂದ ಬಂದ ಅತಿಥಿಗೆ ವಿಮಾನದ ಟಿಕೆಟ್ಟು, ಹಾರ, ತುರಾಯಿ. ಅದೇ ಸಂಜೆ ಕೆಲವು ಕಿಲೋಮೀಟರ್ ಆಚೆ ಕನ್ನಡ ಬಿಟ್ಟು ಬೇರೇನೂ ಬಾರದ ತಾಯಿಯೊಬ್ಬಳು ಚೀಟಿ ಹಿಡಿದು ಯಾರನ್ನು ಕೇಳಲಿ ಎಂದು ನಿಂತಿರುತ್ತಾಳೆ. ಭಾಷೆಯ ಅಗತ್ಯ ಅಷ್ಟು ಬೆತ್ತಲೆಯಾಗಿ ಕಾಣುವ ಜಾಗ ಇನ್ನೊಂದಿಲ್ಲ. ಆಸ್ಪತ್ರೆಯ ಸಮಾಜಕಾರ್ಯ ವಿಭಾಗವನ್ನು ಕಂಡು ಹೆಸರು ಬರೆಸಿ, ವಾರಕ್ಕೆ ಎರಡು ಬೆಳಗು ಹೋಗಿ ಕೂರುವ ನಾಲ್ಕು ಮಂದಿ ನಿವೃತ್ತರು ಸಾಕು. ವೈದ್ಯಕೀಯ ಸಲಹೆ ಕೊಡಲು ಹೋಗಬಾರದು, ವೈದ್ಯರು ಹೇಳಿದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಬೇಕು, ತಾಯಿಯ ಪ್ರಶ್ನೆಯನ್ನು ಇದ್ದ ಹಾಗೇ ವೈದ್ಯರಿಗೆ ಮುಟ್ಟಿಸಬೇಕು.

ಕೋಣೆಯ ಲೆಕ್ಕವೂ ಕಷ್ಟದ್ದಲ್ಲ. ಆಸ್ಪತ್ರೆಯ ಬಳಿಯೇ ಇರಬೇಕಾದ ತೀವ್ರ ಹಂತ ಒಂದು ಮಗುವಿಗೆ ಆರೆಂಟು ತಿಂಗಳು. ಒಂದು ಸಂಘ ಒಂದೇ ಕೋಣೆಯನ್ನು, ಒಂದು ಒಲೆಯ ಸಮೇತ, ಇದಕ್ಕೆಂದು ಬಿಟ್ಟುಕೊಟ್ಟರೆ ಎರಡು ವರ್ಷದಲ್ಲಿ ಮೂರು ಮಕ್ಕಳು ಆ ಹಂತ ದಾಟಿ ಊರಿಗೆ ಹೋಗುತ್ತಾರೆ. ಮೂರೇ? ಎಂದು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಯಾರಾದರೂ ಕೇಳುತ್ತಾರೆ. ಹೌದು, ಮೂರು.