ಟ್ಯೂನಿಗೆ ಮಾಲೀಕರಿದ್ದಾರೆ, ತಾಳಕ್ಕೆ?

‘ಈ ಹಾಡು ಆ ಹಾಡಿನ ಕಾಪಿ’ ಅನ್ನೋ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರುತ್ತದೆ. ನಾನು ನೋಡಿದ್ದೆಲ್ಲ ಟ್ಯೂನ್ ಹೋಲಿಸಿದವೇ. ತಾಳದ ಸುದ್ದಿಯೇ ಇಲ್ಲ. ವಿಡಿಯೊ ಮಾಡುವ ಹುಡುಗರನ್ನು ಬೈದೇನು ಫಲ, ಅಮೆರಿಕದ ಕಾನೂನೂ ಹೆಚ್ಚುಕಮ್ಮಿ ಹಾಗೇ.

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ ‘ಮೈ ಸ್ವೀಟ್ ಲಾರ್ಡ್’ ಹಾಡಿದರು. 1963ರ ‘ಹೀಸ್ ಸೋ ಫೈನ್’ ಹಾಡಿನ ನಕಲು ಎಂದು ಕೇಸು ಬಿತ್ತು. ನಮ್ಮ ಸರಿಗಮದಲ್ಲಿ ಹೇಳುವುದಾದರೆ ಎರಡರಲ್ಲೂ ‘ಪ ಗ ರಿ’ ಮತ್ತೆ ಮತ್ತೆ ಬರುತ್ತದೆ, ಆಮೇಲೆ ‘ಪ ಧ ಸ ಧ ಸ’. ಬಿಡಿಬಿಡಿಯಾಗಿ ಇವು ಎಲ್ಲರ ಸ್ವತ್ತು, ಆದರೆ ಹೀಗೆ ಜೋಡಿಸಿದ್ದು ಒಬ್ಬರ ಕೆಲಸ ಎಂದರು ನ್ಯಾಯಾಧೀಶರು. ಬೇಕೆಂದೇ ಕದ್ದಿದ್ದಲ್ಲ, ಒಳಮನಸ್ಸಿನಿಂದ ಬಂದದ್ದು, ಆದರೂ ತಪ್ಪೇ. 1976ರ ಆ ತೀರ್ಪಿಗೆ ನನ್ನ ತಕರಾರಿಲ್ಲ.

ಈಗ ಒಂದರಿಂದ ಹದಿನಾರು ಎಣಿಸಿ. 1, 4, 7, 11, 13 ಬಂದಾಗ ಮೇಜು ಕುಟ್ಟಿ. ನಾಲ್ಕು ಸಲ ಮಾಡಿದರೆ ಕೈಗೆ ಹತ್ತುತ್ತದೆ. ತಮಟೆ ಬಾರಿಸುವವರಿಗೆ ಒಂದೇ ಸಲ ಸಾಕು.

ಕಪ್ಪು ಗಿಟಾರ್ ವಾದಕ ಬೋ ಡಿಡ್ಲಿ 1955ರಲ್ಲಿ ತಮ್ಮದೇ ಹೆಸರಿನ ಹಾಡನ್ನು ಈ ತಾಳದ ಮೇಲೆ ಕಟ್ಟಿದರು. 1957ರಲ್ಲಿ ಬಡ್ಡಿ ಹಾಲಿ ಇದೇ ತಾಳಕ್ಕೆ ‘ನಾಟ್ ಫೇಡ್ ಅವೇ’ ಹಾಡಿದರು. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಅದನ್ನು ಮತ್ತೆ ಹಾಡಿದರು. 1988ರಲ್ಲಿ ಯು-ಟು ತಂಡದ ‘ಡಿಸೈರ್’, ಮತ್ತದೇ. ತಾಳದ ಲೆಕ್ಕದಲ್ಲಿ ಡಿಡ್ಲಿಗೆ ರಾಯಲ್ಟಿ ಸೊನ್ನೆ. 2008ರಲ್ಲಿ ತೀರಿಕೊಂಡ ಅವರಿಗೆ ಈ ನೋವು ಕೊನೆಯವರೆಗೂ ಇತ್ತು.

‘ಆ ತಾಳ ಡಿಡ್ಲಿಯದಲ್ಲ, ಆಫ್ರಿಕಾದ್ದು, ಕ್ಯೂಬಾದ್ದು’ ಎನ್ನುವವರಿದ್ದಾರೆ. ನಿಜವೇ. ಹಾಗಾದರೆ ‘ಪ ಗ ರಿ’ ಯಾರಪ್ಪನ ಮನೆಯದು? ಸ್ವರದ ವಿಷಯದಲ್ಲಿ ಜೋಡಣೆ ನೋಡಿದಿರಿ, ಇಲ್ಲೂ ನೋಡಿ. ಆ ಪೆಟ್ಟು, ನಡುಗುವ ಗಿಟಾರ್ ಸದ್ದು, ಗಿಲಕಿಯಂತೆ ಅಲುಗಾಡುವ ಮರಾಕಸ್, ಮೂರನ್ನೂ ಕೂಡಿಸಿದ್ದು ಡಿಡ್ಲಿ. ಆ ಹಾಡಿನಲ್ಲಿ ಟ್ಯೂನ್ ಹುಡುಕಿದರೆ ಸಿಗುವುದು ಸ್ವಲ್ಪವೇ. ತಾಳವೇ ಹಾಡು.

ತಾಳಕ್ಕೆ ಬೀಗ ಜಡಿಯಿರಿ ಎನ್ನುತ್ತಿಲ್ಲ. ಹಾಗಾದರೆ ಡ್ರಮ್ಮಿನ ಮುಂದೆ ಕೂರುವವರೇ ಇರುವುದಿಲ್ಲ. ಇಡೀ ಜೋಡಣೆಯನ್ನೇ ಎತ್ತಿಕೊಂಡಾಗ ಹೆಸರು ಹಾಕಿ, ಪಾಲು ಕೊಡಿ, ಅಷ್ಟೆ. ‘ನಾಟ್ ಫೇಡ್ ಅವೇ’ ಬರೆದವರು ಎಂದು ಎರಡು ಹೆಸರಿವೆ: ಹಾಲಿ ಮತ್ತು ನಿರ್ಮಾಪಕ ನಾರ್ಮನ್ ಪೆಟ್ಟಿ. ಮೂರನೆಯ ಹೆಸರಿಗೂ ಜಾಗವಿತ್ತು.