ಶಾಸ್ತ್ರನಾಮಗಳು ನಮಗೇತಕ್ಕೆ?

ಜೀವಿಗಳ ಶಾಸ್ತ್ರನಾಮಗಳು ಪರಕೀಯ ಪಾಂಡಿತ್ಯದ ಆಡಂಬರವೆಂದೂ, ಹಳ್ಳಿಯ ಹೆಸರುಗಳಿರುವಾಗ ಈ ಲ್ಯಾಟಿನ್ ಹೊರೆ ಕನ್ನಡಿಗರಿಗೇತಕ್ಕೆಂದೂ ಆಕ್ಷೇಪಿಸುವ ಮಹನೀಯರು ನಮ್ಮಲ್ಲಿ ಬಹು ಮಂದಿ ಇರುವರು. ಭಾಷಾಭಿಮಾನದಲ್ಲಿ ನಾನು ಅವರಿಗೆ ಕಡಮೆಯವನಲ್ಲ. ಆದರೂ ಅವರು ಒಮ್ಮೆ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕುಳಿತು, ಕಾವೇರಿಯ ಬಿಳಿಮೀನಿಗೆ ಒದಗಿದ ಗತಿಯನ್ನು ಆಲೋಚಿಸಬೇಕೆಂದು ಬೇಡುತ್ತೇನೆ.

ಕೃಷ್ಣರಾಜಪೇಟೆಯ ಸೀಮೆಯಿಂದ ಹೇಮಾವತಿಯೂ, ನಾಗಮಂಗಲ ಪಾಂಡವಪುರಗಳ ಕಡೆಯಿಂದ ಲೋಕಪಾವನಿಯೂ ಬಂದು ಸೇರುವ ಈ ನದಿಯ ಪಾತ್ರದಲ್ಲಿ ಬೆನ್ನುಬ್ಬಿದ ಮಹಾಮತ್ಸ್ಯವೊಂದುಂಟು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದರ ತೂಕ 120 ಪೌಂಡು! ಗಾಳಗಾರರು ಇದನ್ನು ಮಹಶೀರ್ ಎಂದರು. ನಮ್ಮ ಬೆಸ್ತರು ಬಿಳಿಮೀನೆಂದರು. ಎರಡೂ ಸೊಗಸಾದ ಹೆಸರುಗಳೇ. ಆದರೆ ಎರಡೂ ಇದರ ದಾಯಾದಿಗಳಿಗೂ ಸಲ್ಲುವಂಥವು. 1970ರ ದಶಕದಿಂದೀಚೆಗೆ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು, ಮಹಶೀರಿನ ಸಂತತಿ ಉಳಿಯಲೆಂಬ ಸದುದ್ದೇಶದಿಂದಲೇ, ಕಾವೇರಿಗೆ ತಂದು ಬಿಟ್ಟರು. ಬಿಟ್ಟದ್ದು ಮಹಶೀರೇ ಸರಿ. ಆದರೆ ಅದು ಟಾರ್ ಖುದ್ರೀ ಎಂಬ ಬೇರೊಂದು ಪ್ರಭೇದ. ಬಂದ ನೆಂಟ ಹೆಚ್ಚಿದ, ಮನೆಯೊಡೆಯ ಕ್ಷೀಣಿಸಿದ.

ಶಾಸ್ತ್ರನಾಮದ ಮೊದಲ ಪದ ಕುಲವನ್ನೂ ಎರಡನೆಯದು ಪ್ರಭೇದವನ್ನೂ ತಿಳಿಸುವುದಷ್ಟೆ. ಅದಕ್ಕಿಂತ ಮುಖ್ಯವಾದುದೊಂದುಂಟು: ಆ ಹೆಸರು ಸಂರಕ್ಷಿಸಿಟ್ಟ ಒಂದು ಮಾದರಿಗೆ ಕಟ್ಟುಬಿದ್ದಿರುತ್ತದೆ. ಸಂದೇಹ ಬಂದವರು ಹೋಗಿ ಹೋಲಿಸಿ ನೋಡಬಹುದು. ಹೀಗೆ ಹೋಲಿಸಿದ ಮೇಲೆಯೇ, ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿತವಾದ ಟಾರ್ ರೇಮಾದೇವಿಯೈ ಎಂಬುದೂ ನಮ್ಮ ಉಬ್ಬುಬೆನ್ನಿನ ಮೀನೂ ಒಂದೇ ಎಂದು 2018ರಲ್ಲಿ ವಿದ್ವಾಂಸರು ನಿರ್ಣಯಿಸಿದರು. ಅದೇ ವರ್ಷ ಇದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಅದುವರೆಗೆ ಸೇರಿಸುವುದಾದರೂ ಹೇಗೆ? ಹೆಸರಿಲ್ಲದ ಕಕ್ಷಿಯ ವ್ಯಾಜ್ಯವನ್ನು ಯಾವ ನ್ಯಾಯಸ್ಥಾನ ವಿಚಾರಿಸೀತು?

ಇನ್ನು ಪರಕೀಯವೆಂಬ ದೂರು. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದಿದ್ದ ಬುಕಾನನ್ನನೇ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಗ್ರಂಥ ಬರೆದವನು. ಟಾರ್ ಎಂಬುದು ಅವನು ಆ ಕಡೆಯ ಜನರ ಬಾಯಿಂದ ಎತ್ತಿಕೊಂಡ ಮಾತು. ಖುದ್ರೀ ಎಂಬುದು ಮರಾಠಿ ದೇಶದ್ದು. ರೇಮಾದೇವಿಯವರು ಭಾರತೀಯ ಮತ್ಸ್ಯಶಾಸ್ತ್ರಜ್ಞೆ. ವಿಭಕ್ತಿಪ್ರತ್ಯಯವನ್ನುಳಿದು ಇದರಲ್ಲಿ ಲ್ಯಾಟಿನ್ ಎಷ್ಟಿದೆಯೋ ಆಕ್ಷೇಪಕರೇ ಎಣಿಸಲಿ. ಬಂಗಾಳದ ಮಾತು, ಮರಾಠರ ಮಾತು ಸೇರಿದಲ್ಲಿ ನಮ್ಮ ಬೆಸ್ತರ ಮಾತು ಸೇರದೆ ಹೋಯಿತಾದರೆ, ಆ ತಪ್ಪು ಶಾಸ್ತ್ರದ್ದಲ್ಲ. ಸ್ನಾನಘಟ್ಟದಲ್ಲಿ ಮೀನುಗಳಿಗೆ ಪುರಿ ಎರಚುತ್ತ, ಅವುಗಳ ವಿಷಯದಲ್ಲಿ ಒಂದು ಸಾಲೂ ಬರೆಯದೆ ಕುಳಿತ ನಮ್ಮದು.